ಕಾಗೆ ಮುಟ್ಟದ ಎಡೆ

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಸ್ಟುಟ್‌ಗಾರ್ಟಿಗೆ ಬಂದಿದ್ದ ಮಗನನ್ನು ನೋಡಲು ಬಂದ ಸಿದ್ದಯ್ಯನವರು, ಟ್ರಾಮ್ ಕಾಯುವಾಗ ಬೆನ್ನ ಹಿಂದೆ ಕನ್ನಡ ಕೇಳಿ ಕಿವಿಗೊಟ್ಟರು. ಅಜ್ಜಿಯೊಬ್ಬರು ಮೊಮ್ಮಗಳ ಮುಂದೆ ಕೊರಗುತ್ತಿದ್ದರು.

“ನಿಮ್ಮಜ್ಜನ ವರ್ಷದ ಎಡಿ ಬಾಲ್ಕನ್ಯಾಗ ಇಟ್ಟೆ ಪವಿ, ಕಾಗಿ ಮುಟ್ಟಲೇ ಇಲ್ಲ. ಅಲ್ಲಿ ಹಸದು ಕುಂತಾರೋ ಏನೋ.”

“ಲ್ಯಾಟಿನ್ ಕ್ಲಾಸಿನ್ಯಾಗ ಹೇಳಿದ್ರು ಅಜ್ಜಿ. ಗ್ರೀಕರ ಹಳೇ ಕಾವ್ಯದಾಗ ಸತ್ತವರೆಲ್ಲ ಬರೇ ನೆರಳು, ಹಸದು ಕಾಯ್ತಾರ.”

“ಅಯ್ಯ ಶಿವನ!”

“ಪೂರ್ತಿ ಕೇಳು. ಮುಂದ ರೋಮನ್ನರ ಕಾವ್ಯದಾಗ ಎಲ್ಲಾ ಬದಲಾತು. ಒಳ್ಳೇವ್ರಿಗೆ ಹಸಿರು ಬಯಲು, ಬೆಳಕು. ಹಾಡ್ತಾರ, ಕುಸ್ತಿ ಆಡ್ತಾರ.”

“ಕುಸ್ತಿ? ಖರೇನ?”

“ಖರೇನ, ಮರಳಿನ ಮ್ಯಾಲ.”

ಅಜ್ಜಿ ನಕ್ಕುಬಿಟ್ಟರು. “ಹಂಗಾರ ಬಿಡು. ಕುಸ್ತಿ ನಡದಾಗ ನಮ್ಮ ಪೈಲವಾನ್ರು, ನಿಮ್ಮಜ್ಜ, ಊಟಕ್ಕ ಕರದ್ರ ಎಂದರ ಬಂದಾರೇನು?”

ಟ್ರಾಮ್ ಬಂತು. ಅಜ್ಜಿ ಸೆರಗು ಬಿಗಿದು, ಮೊಮ್ಮಗಳಿಗಿಂತ ಮೊದಲೇ ಹತ್ತಿದರು.