ಅತ್ತಮ್ಮನ ಮೌನ, ನನ್ನ ಪಿಜ್ಜಾ

…ಅಲ್ರಿ ಅತ್ತಮ್ಮ, ಹಂಗ ಕಣ್ಣು ದೊಡ್ಡದು ಮಾಡಿದ್ರ ನನಗೇನು ತಿಳೀಬೇಕು? ಹಿಟ್ಟು ಕೆಟ್ಟಿಲ್ಲ. ಉಬ್ಬೈತಿ, ಅಷ್ಟ. ಈಸ್ಟ್ ಹಾಕಿದ್ರ ಉಬ್ಬತದ, ಅದರ ಕೆಲಸಾನೇ ಅದು. ಬಿಸಲಾಗ ಇಟ್ಟಿದ್ದೆ, ಮುಚ್ಚಿದ ತಾಟು ಎತ್ತಿ ಹೊರಗ ಇಣಕಾಕತ್ತೈತಿ. ನಮ್ಮೂರು ಹಾಲಹರವಿ ಬಿಸಲು ಎಂಥಾದ್ದಂತ ಆ ಈಸ್ಟ್ ಪಾಕೀಟು ಮಾಡಿದವ್ರಿಗೆ ಗೊತ್ತಿಲ್ಲ ಅನಸ್ತದ.

ಕೈಸನ್ನಿ ಬ್ಯಾಡ್ರಿ, ತಿಳೀವಲ್ದು. ಶ್ರಾವಣ ಸೋಮವಾರ, ನಿಮ್ದು ಮೌನ. ಸಂಜಿಗೆ ನೈವೇದ್ಯ ಆಗೋತನಕ ಬಾಯಿ ಬಿಡಂಗಿಲ್ಲ. ಅದಕ್ಕ ಇವತ್ತ ಪಿಜ್ಜಾ ಹಚ್ಚೀನಿ. ಖರೇನ ಹೇಳ್ತೀನಿ, ಈ ಮನಿಗೆ ಸೊಸಿಯಾಗಿ ಬಂದಾಗಿಂದ ಇಷ್ಟು ಹಗರ ಆಗಿ ಒಲಿ ಮುಂದ ಕುಂತಿದ್ದಿಲ್ಲ. "ಹರಿತಾ, ರೊಟ್ಟಿ ಅಂಚು ಹರದೈತಿ. ಹರಿತಾ, ಉಪ್ಪು ಮುಂದ. ಆದೋನಿ ಪ್ಯಾಟಿಯಾಗ ಬೆಳದಾಕಿಗೆ ಒಲಿ ಏನು ಗೊತ್ತು?" ಇವತ್ತು ಒಂದೂ ಇಲ್ಲ. ಒಲಿ ಉರಿಯೋ ಸದ್ದು ಕೇಳಾಕತ್ತೈತಿ.

ಸಿಟ್ಟಾದ್ರೇನ್ರಿ? ಇಲ್ಲ… ನಗಾಕತ್ತೀರಿ. ಸೆರಗು ಬಾಯಾಗ ಇಟ್ಕೊಂಡ್ರ ನನಗ ಕಾಣಲ್ಲ ಅನ್ಕೊಂಡೀರೇನು? ಯಾಕ್ ನಗ್ತೀರಿ?

ಓಹೋ, ಇದಕ್ಕ. ಅಯ್ಯಯ್ಯ… ತಟ್ಟಿಬಿಟ್ಟೆ. ಪಟಪಟ ಅಂತ, ಜ್ವಾಳದ ರೊಟ್ಟಿ ತಟ್ಟಿದಂಗ ತಟ್ಟಿಬಿಟ್ಟೆ. ಅಷ್ಟೊತ್ತು ಉಬ್ಬಿಸಿದ್ದು ಹೋತು, ಗಾಳಿ ಎಲ್ಲ ಹೋತು. ಮೆಲ್ಲಕ ಬೆರಳಿಂದ ಅಗಲ ಮಾಡ್ಬೇಕಂತ ವಿಡಿಯೋದಾಗ ಆ ಹುಡುಗಿ ಬಡಕೊಂಡು ಹೇಳ್ಯಾಳ. ಕೈ ಕೇಳಬೇಕಲ್ಲ. ಇದು ನಿಮ್ಮ ತಪ್ಪು ಅತ್ತಮ್ಮ, ನೀವು ಕಲಿಸಿದ ಕೈ. ಹಿಟ್ಟು ಕಂಡ್ರ ಸಾಕು, ತಟ್ಟತದ. ಆದ್ರ ಅಂಚು ನೋಡ್ರಿ. ಒಂದು ಕಡಿ ಹರದಿಲ್ಲ. ನೋಡಿದ್ರಿಲ್ಲ?

ಪರ್ವಾಲೇದು, ಹೋಗ್ಲಿ, ಇನ್ನೊಂದು ಹಿಟ್ಟಿನ ಉಂಡಿ ಐತಿ. ಟಮಾಟಿ ಪತ್ತಿಕೊಂಡ ಸಂತಿದ್ದು, ಕೆಂಪಗ ಕುದ್ದೈತಿ. ಡೊಣ್ಣ ಮೆಣಸಿನಕಾಯಿ ಹಾಕೀನಿ. ಉಳ್ಳಾಗಡ್ಡಿ ಮುಟ್ಟಿಲ್ಲ, ಬಳ್ಳೊಳ್ಳಿ ಮುಟ್ಟಿಲ್ಲ, ನಿಮ್ದು ಒಪ್ಪತ್ತು ಅಂತ. ಮ್ಯಾಲೆ ಇದು… ಬೆಳ್ಳಗಿಂದು. ಚೀಸು. ಹೂಂ, ನಿಮ್ಮ ಮಗ ನಿನ್ನೆ ಆದೋನಿಯಿಂದ ತಂದಿದ್ದು. ಎಲ್ಲಿ ನೋಡಾಕತ್ತೀರಿ? ದೇವರ ಜಗಲಿ ಕಡಿ ಏನೈತಿ? ಒಲಿ ಕಡಿ ನೋಡ್ರಿ. ಹಂಚಿನ ಮ್ಯಾಲೆ ಇಟ್ಟೆ, ಬಾಣಲಿ ಬೋರಲು ಹಾಕಿದೆ, ಅದರ ಮ್ಯಾಲೆ ಕೆಂಡ… ನೀವೇ ಸರಸ್ತೀರಾ? ಸರಸ್ರಿ, ಸರಸ್ರಿ.

ಯಾಕಿಷ್ಟು ಪರದಾಡ್ತೀನಿ ಅಂತ ಹೇಳೇಬಿಡ್ತೀನಿ. ಮೌನ ಬಿಟ್ಟ ಬಾಯಾಗ ಮೊದಲು ಬಂದ ಮಾತು ಖರೇ ಆಗಿ ವರ್ಷಾನಗಟ್ಟಲೆ ನಿಲ್ತದ ಅಂತಾರಲ್ಲ ಈ ಮನ್ಯಾಗ. ಹೋದ ಶ್ರಾವಣದಾಗ ಎಮ್ಮಿ ಬೆನ್ನು ಸವರಿ "ಈ ಸಲ ನಿನ್ನ ಹೊಟ್ಟಿ ತುಂಬ್ಲಿ" ಅಂದ್ರಂತ. ಮೊನ್ನೆ ಕರ ಹಾಕ್ತಲ್ಲ! ಎಮ್ಮಿಗೆ ಒಂದು ಮಾತು ಸಿಕ್ತು, ನನಗೂ ಒಂದು ಬೇಕ್ರಿ. "ಹರಿತಾನ ಅಡಿಗಿ ಚೊಲೊ ಐತಿ." ಅಷ್ಟ. ಭಾಳ ಆಸಿ ಐತಿ ಅತ್ತಮ್ಮ. ಅವ್ವ ಫೋನ್ ಮಾಡಿದಾಗೆಲ್ಲ ಅತ್ತಿ ಮೆಚ್ಚಿದಳೇನ ಅಂತ ಕೇಳ್ತಾಳ. ಹೂಂ ಅಂತ ಸುಳ್ಳು ಹೇಳಿ ಹೇಳಿ ಸಾಕಾಗೈತಿ.

ಬಂತು ನೋಡ್ರಿ ವಾಸನಿ… ಏ, ಗುಡಿ ಗಂಟಿ. ಬಾಜೂ ಮನಿ ಗಾದಿಲಿಂಗಮ್ಮ ಕೋಳಿಗೆ ಬೈಯಾಕತ್ತಾಳ, ಕೇಳಿದ್ರಿ? ಆಕಿ ಮೌನ ಬಿಟ್ಲು. ನೀವೂ ಬಿಡ್ರಿ. ತಗೋರಿ, ಒಂದು ತುಂಡು ತಿಂದು ಹೇಳ್ರಿ. ಯಾಕ? ಮತ್ತ ಜಗಲಿ ಕಡೀಗೇ ಯಾಕ ನೋಡ್ತೀರಿ?

ಹೂಂ… ನೈವೇದ್ಯ. ಅದು ಆಗೋತನಕ ನೀವು ಬಾಯಿ ಬಿಡಂಗಿಲ್ಲ.

ಜಗಲಿ ಮ್ಯಾಲಿನ ನೈವೇದ್ಯದ ಬಟ್ಟಲು ಖಾಲಿ ಐತ್ರಿ. ನಿಮಗ ಆವಾಗ್ಲೇ ಗೊತ್ತಾಗೈತಿ, ಅಲ್ಲೇನು? ಚೀಸಿನ ಪಾಕೀಟು ನಿಮ್ಮ ಮಗ ಬಸ್ಸಿನ ಇಂಜಿನ್ ಮ್ಯಾಲೆ ಇಟ್ಕೊಂಡು ಬಂದಾರ, ಮನಿ ಮುಟ್ಟೋದ್ರಾಗ ಎಣ್ಣಿ ಆಗಿತ್ತು. ಇದು ಬೆಳ್ಳಗ, ಗಟ್ಟಿಗ, ಕಣ್ಣ ಮುಂದ ಇತ್ತು… ಎಮ್ಮಿಯ ಮೊದಲ ಗಿಣ್ಣು, ನೀವು ಉರುಕುಂದ ಈರಣ್ಣ ದೇವರಿಗೆ ಅಂತ ಮುಚ್ಚಿಟ್ಟಿದ್ದು. ಒಂದು ತುಂಡು ಅಂತ ತಗೊಂಡೆ, ಆಮ್ಯಾಲೆ ಪೂರಾ ತಗೊಂಡೆ. ದೇವರ ಗಿಣ್ಣು ನನ್ನ ಪಿಜ್ಜಾದ ಮ್ಯಾಲೆ ಕೆಂಪಗಾಗಿ ಕುಂತೈತಿ. ನಿಮ್ಮ ಬಾಯಿಂದ ಬರೋ ಮಾತಿಗೆ ನಾನೇ ಅಡ್ಡ ಬಿದ್ದೆ.

ತಾಟು ಎಲ್ಲಿಗೆ ಒಯ್ತೀರಿ? ಎಮ್ಮಿಗೆ ಹಾಕಬ್ಯಾಡ್ರಿ ಅತ್ತಮ್ಮ… ಜಗಲಿಗೇನು? ದೇವರ ಮುಂದ ಪಿಜ್ಜಾ ಇಡ್ತೀರಾ? ಇಟ್ಟೇಬಿಟ್ರಿ. ಕಾಯಿ ಒಡದ್ರಿ, ನೀರು ಬಿಟ್ರಿ. ನಗಬಾರದು, ಗೊತ್ತೈತಿ, ಆದ್ರ ನಗಿ ತಡಿಯಾಕ ಆಗವಲ್ದು. ಅಳೂನೂ ಬರಾಕತ್ತೈತಿ.

ಆತು. ನೈವೇದ್ಯ ಆತು. ಈಗ ಬೈರಿ. ವರ್ಷಾನಗಟ್ಟಲೆ ನಿಂತ್ರೂ ನಿಲ್ಲಲಿ… ಅಯ್ಯ, ಮೊದಲ ತುಂಡು ನನಗ ಯಾಕ್ರಿ? ಮುಂಜಾನಿಂದ ಉಪಾಸ ಇದ್ದವ್ರು ನೀವು. ಮ್… ಸುಡ್ತೈತಿ… ಬಾಯಿ ತುಂಬೇತ್ರಿ.

ಏನೋ ಹೇಳಾಕತ್ತೀರಿ. ತಡೀರಿ, ನುಂಗ್ತೀನಿ… ಹೂಂ, ಹೇಳ್ರಿ. ನಾ ಈಗ ಸುಮ್ನಿರ್ತೀನಿ.