ಇಶಿಮೆ ಕೆತ್ತಿದ ಗುದ್ದಲಿ

ದೂರ ಕೂತೋರು ಹತ್ತಿರ ಸರೀರಿ, ಹೂಂಗುಟ್ಟೋರು ಹೂಂಗುಟ್ಟಿ. ಮೂಡಣ ಕಡಲಿನಾಚೆ, ಸೂರ್ಯ ಎಲ್ಲರಿಗಿಂತ ಮೊದಲು ಕಣ್ಣು ಬಿಡೋ ಕಡೆ, ಒಂದು ದ್ವೀಪ. ಅಲ್ಲೊಬ್ಬ ರಾಜ ತೀರಿಕೊಂಡ.

ಆ ನಾಡಲ್ಲಿ ರಾಜನ ಗೋರಿ ಅಂದ್ರೆ ಏನಂದ್ಕೊಂಡ್ರಿ? ಒಂದು ಗುಡ್ಡ. ಹಿಂದೆ ದುಂಡಗೆ, ಮುಂದೆ ಅಗಲಕ್ಕೆ, ಸುತ್ತ ನೀರಿನ ಕಂದಕ. ರಾಜ ಬದುಕಿದ್ದಾಗಲೇ ಏಳು ವರ್ಷ ಜನ ಬುಟ್ಟಿಬುಟ್ಟಿ ಮಣ್ಣು ಹೊತ್ತು ಕಟ್ಟಿದ್ರು. ರಾಜನ ಜೊತೆ ಕಂಚಿನ ಕನ್ನಡಿ ಇಟ್ರು, ಕತ್ತಿ ಇಟ್ರು, ಹಸಿರು ಕಲ್ಲಿನ ಮಣಿ ಇಟ್ರು. ಆ ಮಣಿ ಕೆತ್ತಿದೋಳು ಇಶಿಮೆ ಅಂತ ಒಬ್ಬ ಹೆಂಗಸು.

ಇಷ್ಟಕ್ಕೇ ಮುಗೀತಾ? ಇಲ್ಲ. ದೊರೆಗೆ ಆ ಲೋಕದಲ್ಲೂ ಬೇಸಾಯ ಬೇಕು, ಊರೂರಿನ ಗುದ್ದಲಿಗಳೆಲ್ಲಾ ಗೋರಿಗೆ ಬರಲಿ ಅಂತ ಮಂತ್ರಿ ಡಂಗುರ ಹೊಡೆಸಿದ. ಕೇಳಿ, ಆ ನಾಡಿಗೆ ಕಬ್ಬಿಣ ಹಡಗಿನಲ್ಲೇ ಬರಬೇಕು. ಗುದ್ದಲಿ ಹೋದ್ರೆ ನಾಟಿ ಇಲ್ಲ, ನಾಟಿ ಇಲ್ಲದಿದ್ರೆ ಅನ್ನ ಇಲ್ಲ.

ಇಶಿಮೆ ಮಂತ್ರಿ ಹತ್ರ ಹೋಗಿ, ಗುದ್ದಲಿ ಜನಕ್ಕೇ ಬಿಡಿ ಅಂತ ಕೇಳಿಕೊಂಡಳು. ಆಗಲ್ಲ ಅಂದ. ಮರುದಿನ ಹೋದಳು. ಬಾಗಿಲಲ್ಲೇ ತಡೆದ್ರು. ಮೂರನೇ ದಿನ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಮೆದುಗಲ್ಲಲ್ಲಿ ಅಂಗೈಯಗಲದ ಗುದ್ದಲಿ ಕೆತ್ತಿಕೊಂಡು ನೆಟ್ಟಗೆ ಗುಡ್ಡ ಹತ್ತಿದಳು.

ಗುಡ್ಡದ ಮೇಲೆ ಗುದ್ದಲಿಗಳ ರಾಶಿ. ಪಕ್ಕದಲ್ಲಿ ಮಂತ್ರಿ ಜೊತೆ, ಹೊಸದಾಗಿ ಪಟ್ಟಕ್ಕೆ ಬಂದ ರಾಜನ ಮಗ ನಿಂತಿದ್ದ. ಇಶಿಮೆ ತನ್ನ ಗುದ್ದಲಿ ಅವನ ಕೈಗಿಟ್ಟು, ಇಂಥವು ಎಷ್ಟು ಬೇಕಾದ್ರೂ ಕೆತ್ತಿಕೊಡ್ತೀನಿ, ಕಬ್ಬಿಣದವು ಜನಕ್ಕೆ ಬಿಡಿ ಅಂದಳು.

ಅವನು ಅದನ್ನ ತಿರುಗಿಸಿ ತಿರುಗಿಸಿ ನೋಡಿದ. "ಕಲ್ಲಿನ ಗುದ್ದಲೀಲಿ ನಮ್ಮಪ್ಪ ಅಗೆಯೋದು ಹೇಗಮ್ಮಾ?"

"ಒಡೆಯಾ, ನಿಮ್ಮಪ್ಪ ಬದುಕಿದ್ದಾಗ ಒಂದು ದಿನವಾದ್ರೂ ಅಗೆದಿದ್ದು ನೀವು ಕಂಡಿದ್ದೀರಾ?"

ಮಂತ್ರಿ ಕತ್ತಿಗೆ ಕೈ ಹಾಕಿದ. ಹೊಸ ರಾಜ ತಡೆದ. ಆಮೇಲೆ ತಾನೇ ಗೋರಿಯ ಗುಂಡಿಗೆ ಇಳಿದು ಹೋಗಿ, ಆ ಕಲ್ಲಿನ ಗುದ್ದಲೀನ ಅಪ್ಪನ ಮಗ್ಗುಲಲ್ಲಿಟ್ಟ. ಕಬ್ಬಿಣದವನ್ನ ಊರೂರಿಗೆ ವಾಪಸು ಕಳಿಸಿದ.

ಇಶಿಮೆ ಹಗಲೆಲ್ಲಾ ಕೆತ್ತಿ ಕೆತ್ತಿ ಕೊಟ್ಟಳು. ಗೋರಿಗೆ ಬಂಡೆ ಮುಚ್ಚೋ ದಿನ ರಾಜ ಅವಳನ್ನ ಕರೆದು, ತನ್ನ ಗೋರಿಗೂ ಒಂದು ಈಗಲೇ ಕೆತ್ತಿಡು ಅಂದ.

"ನಿಮಗೆ ಕಬ್ಬಿಣದ್ದೇ ಕೊಡ್ತೀನಿ, ಒಡೆಯಾ," ಅಂದಳು. "ನಾಳೆ ನಮ್ಮ ಗದ್ದೆಗೆ ಬನ್ನಿ."

ಬಂದನಾ? ಬಂದ. ಸಂಜೆ ಹೊತ್ತಿಗೆ ಅಂಗೈ ತುಂಬಾ ಬೊಬ್ಬೆ.

ಕತೆ ಆ ಗುಡ್ಡದ ನೆರಳಲ್ಲಿ ಮಲಗ್ತು. ಕೇಳಿದ ನಿಮ್ಮ ಗದ್ದೆ ಹಸಿರಾಗಿರಲಿ, ಹೇಳಿದ ನನಗೊಂದು ತುತ್ತು ಸಿಗಲಿ.