ಖಣಿ ದಂಡಿ ಮ್ಯಾಲ ಒಂದು ‘ಸರಿ’

...ಅಲ್ಲವಾ ಸಾವಿತ್ರಿ, ಹಲಿಗಿ ಮ್ಯಾಲಿನ ಡಬ್ಬಿ ನೀನ ತಗೋ, ನನ್ನ ಬಲಗೈ ಅಲ್ಲೀತನಕಾ ಏಳೂದಿಲ್ಲ. ಹೆಗಲಮಟಾ ಬರತೈತಿ, ಮುಂದ ಬಾ ಅಂದ್ರ ಒಲ್ಲೆ ಅಂತೈತಿ. ನಿಮ್ಮಜ್ಜಿ ಕುಸ್ತ್ಯಾಗ ಮುರಕೊಂಡಾನ ಅಂತ ಹೇಳ್ಯಾಳಲ್ಲ, ಸುಳ್ಳು. ಕುಸ್ತ್ಯಾಗಲ್ಲ, ಸಿನಿಮಾದಾಗ. ನಗಬ್ಯಾಡ್ರಿ! ಎಪ್ಪತ್ತರ ಹೊತ್ತಿಗಿ, ಅಲ್ಲಲ್ಲ, ಅದಾದ ಮ್ಯಾಲ, ಎಲ್ಲಾರಿಗೂ ಕರಾಟಿ ಹುಚ್ಚು ಹತ್ತಿತ್ತಲ್ಲ, ಆವಾಗ. ಗೊಳಸಂಗಿ ಗರಡಿ ಮನ್ಯಾಗ ಬೆಳದ ನಾನು ಮದ್ರಾಸಿಗಿ ಹೋಗಿ ಕರಾಟಿ ಪಿಚ್ಚರಿನ್ಯಾಗ ಹೊಡದಾಡೂ ಕೆಲಸಕ್ಕ ನಿಂತೆ. ಅಗ್ಗದ ಪಿಚ್ಚರು, ಟೆಂಟ್ ಟಾಕೀಸಿಗಂತನ ಮಾಡಿದ್ವು, ಕತಿ ಕಡಿಮಿ, ಒದಿಯೂದ ಜಾಸ್ತಿ. ಡೈರೆಕ್ಟರು ‘ಒದೆಯೋವಾಗ ಕೂಗಪ್ಪಾ’ ಅಂದ್ರು. ನನಗೇನ ಗೊತ್ತು ಕರಾಟಿ ಕೂಗು? ಹೊಲದಾಗ ಕುಂಟಿ ಹೊಡ್ಯೂವಾಗ ಎತ್ತಿಗಿ ಒದರತಿದ್ದೆನಲ್ಲ, ‘ಹೋ... ಹೊಯ್!’ ಅಂತ, ಅದನ್ನ ಒದರಿದೆ. ಪಸಂದಾತು ನೋಡ್ರಿ! ಸಿಂದಗಿ ಟೆಂಟಿನ್ಯಾಗ ಹುಡುಗುರು ನನ್ನಕಿಂತಾ ಮೊದಲ ಒದರತಿದ್ರು. ಅದನ್ನ ಕೇಳಿ ನನ್ನ ಎದಿ ಉಬ್ಬತಿತ್ತು, ಸುಳ್ಳ ಯಾಕ ಹೇಳ್ಲಿ.

ಹಂಗ ಒದ್ದು ಒದ್ದು, ಒದಿಸಿಕೊಂಡು ಒದಿಸಿಕೊಂಡು, ಕಡೀಕ ಒಂದು ಪಿಚ್ಚರಿಗಿ ನನ್ನ ಹೀರೋ ಮಾಡಿದ್ರು. ಆದ್ರ ಅಷ್ಟೊತ್ತಿಗಿ ಈ ಹೆಗಲು ಒಮ್ಮಿ ಕೀಲು ತಪ್ಪಿತ್ತು. ‘ಇನ್ನೊಮ್ಮಿ ಜಗ್ಗಿತಂದ್ರ ಈ ಕೈ ಆಸೆ ಬಿಡು’ ಅಂದಿದ್ರು ಎಲುಬು ಕಟ್ಟಾವ್ರು. ನಾ ಯಾರಿಗೂ ಹೇಳಿದ್ದಿಲ್ಲ. ಶೂಟಿಂಗ್ ಎಲ್ಲಿ ಅಂತೀರಿ? ನಮ್ಮ ಕಡೇನ, ಮುದ್ದೇಬಿಹಾಳದ ಆಚಿಗಿ ಒಂದು ಹಳೇ ಕಲ್ಲಿನ ಖಣಿ. ಕೆಳಗ ನೋಡಿದ್ರ ಕಣ್ಣು ತಿರಗತಿತ್ತು. ಎದುರಾಳಿ ನಂಜುಂಡ ಅಂತ, ಮೈಸೂರ ಕಡ್ಯಾಂವ, ಚೊಲೋ ಹುಡುಗ. ಗರಡಿ ರಿವಾಜಿನಂಗ ಇಬ್ರೂ ಮಣ್ಣು ಮುಟ್ಟಿ ಕೈ ಕೂಡಿಸಿದ್ವಿ. ನನಗ ಕುಸ್ತಿ ಕಲಿಸಿದ ವಸ್ತಾದ ಹೇಳಾಂವ, ‘ಮಣ್ಣು ಮುಟ್ಟಿ ಕೈ ಕೊಟ್ಟಾನ ಅಂದ್ರ ಅವನ ಎಲುಬು ನಿನ್ನ ಜಿಮ್ಮಾ, ನೀನ ಕಾಯಬೇಕು’ ಅಂತ. ನಂಜುಂಡ ಖಣಿ ದಂಡಿಗಿ ಬೆನ್ನ ಮಾಡಿ ನಿಂತ. ನಾ ಓಡಿಬಂದು ಹಾರಿ ಒದ್ದಂಗ ಮಾಡೂದು, ಅಂವ ಬಾಜೂಕ ಹುಲ್ಲಿನ ಮ್ಯಾಲ ಬೀಳೂದು. ಅಷ್ಟ.

ಕ್ಯಾಮೆರಾ ಸುರು ಆತು. ನಾ ಓಡಾಕತ್ತೇನಿ, ನೋಡ್ತೇನಿ, ಅವನ ಹಿಮ್ಮಡಿ ಕೆಳಗಿನ ಕಲ್ಲು ಬಿರುಕು ಬಿಟ್ಟು ಅಲುಗಾಡಾಕತ್ತೈತಿ! ‘ಸರಿ! ಏ ನಂಜುಂಡಾ, ಸರಿ, ಸರಿ!’ ಅಂತ ಒದರಿದೆ. ನಮ್ಮಲ್ಲಿ ಸರಿ ಅಂದ್ರ ಏನು? ಬಾಜೂಕ ಹೋಗು ಅಂತ. ಒಪ್ಪಿಗಿಗೆ ನಾವು ಆತು ಅಂತೇವಿ. ಅವರ ಕಡೆ ಒಪ್ಪಿಗಿಗೇ ಸರಿ ಅಂತಾರ! ಅಂವ ನಕ್ಕು ‘ಸರಿ ಸರಿ!’ ಅಂತ ತಿರುಗಿ ಅಂದ, ಕೈ ಅಗಲಿಸಿ ಗಟ್ಟಿಯಾಗಿ ಅಲ್ಲೇ ನಿಂತ. ಕಲ್ಲು ಹ್ವಾತು. ನಾ ಎದಿ ಕೊಟ್ಟು ನೆಲಕ್ಕ ಬಿದ್ದು ಕೈ ಚಾಚಿದೆ, ಸಿಕ್ಕದ್ದು ಅವನ ಮಣಿಕಟ್ಟು, ಹಿಡದದ್ದು ಈ ಬಲಗೈ. ಹೆಗಲಾಗ ಕಟಕ್ ಅಂತು. ‘ಬಿಡಬೇಡಿ ಪೈಲ್ವಾನ್ರೇ, ಬಿಡಬೇಡಿ!’ ಅಂದ ಅಂವ. ‘ಬಿಡಾಂವ ಹಿಡೀತಿದ್ನೇನೋ, ಅಲುಗಾಡಬ್ಯಾಡ ಸುಮ್ನಿರು!’ ಬಿಟ್ರ ಕೈ ಉಳೀತೈತಿ, ಹೀರೋಗಿರಿ ಉಳೀತೈತಿ, ಅದೂ ತೆಲ್ಯಾಗ ಬಂತು, ಬರಲಿಲ್ಲ ಅನ್ನಾಂಗಿಲ್ಲ. ಹಗ್ಗಾ ತಂದು ಅವನ್ನ ಮ್ಯಾಲ ಎಳಕೊಳ್ಳೂತನಕಾ ಕೈ ಬಿಡಲಿಲ್ಲ.

ಕ್ಯಾಮೆರಾದಂವ ಬಂದ್ ಮಾಡಿದ್ದಿಲ್ಲ, ನಾ ಅವನ್ನ ಹಿಡದದ್ದೆಲ್ಲಾ ಪಿಚ್ಚರಿನ್ಯಾಗ ಬಂದಿತ್ತು. ಡೈರೆಕ್ಟರು ಕತೀನ ತಿರಗಿಸಿದ್ರು, ನಂಜುಂಡ ಅಂದ್ರ ನಾ ಸಣ್ಣಂದಿರತ ಕಳಕೊಂಡ ತಮ್ಮ ಅಂತ! ನನ್ನ ಕೈಯಂತೂ ಹೋಗಿತ್ತು, ಮುಂದಿನ ಪಿಚ್ಚರಿಗಿ ಹೀರೋ ಯಾರು? ಅವನ. ಇಂಡಿ ಟೆಂಟಿನ್ಯಾಗ ಕುಂತು ನೋಡಿದೆ, ಅಂವ ನನ್ನ ಎತ್ತಿನ ಕೂಗು ಒದರಾಕತ್ತಾನ, ಮಂದಿ ಶಿಳ್ಳಿ ಹೊಡ್ಯಾಕತ್ತಾರ. ಹೊಟ್ಟಿ ಉರೀತು. ಕಣ್ಣಾಗ ನೀರೂ ಬಂತು, ಹುಡುಗ ಒದರಾಕ ಉಳದಾನಲ್ಲ ಅಂತ.

ಅದಕ ಹೇಳ್ತೇನಿ, ಪರ ಊರಾಂವ ಒಂದು ಮಾತು ಅಂದ್ರ ಅವರಲ್ಲಿ ಅದಕ್ಕೇನ ಅರ್ಥ ಅಂತ ಮೊದಲ ಕೇಳಿ ತಿಳಕೋರಿ. ಹೂಂ, ಸಾಕು, ಏಳಬೇಕು ನಾನು. ಸಾವಿತ್ರಿ, ಸರಿಯವಾ ಅತ್ತಾಗ. ‘ಸರಿ ಅಜ್ಜಾ’ ಅಂತ ಅಲ್ಲೇ ಕುಂತಾಳ ನೋಡು!